ತಿಪ್ಪವ್ವನ ಮೊದಲ ಬುಟ್ಟಿ

ಬಹಳ ಹಿಂದೆ, ನಮ್ಮಜ್ಜನ ಅಜ್ಜನಿಗೂ ಹಲ್ಲು ಬರುವ ಮೊದಲು, ಬಯಲುಸೀಮೆಯ ಒಂದೂರಲ್ಲಿ ತಿಪ್ಪವ್ವ ಅಂತ ಒಬ್ಬಳಿದ್ದಳಂತೆ. ಊರಿನ ಹೆಸರು ಕೇಳಬೇಡಿ. ಹೇಳಿದರೆ ಸುತ್ತಲ ಏಳೂರಿನವರೂ ತಿಪ್ಪವ್ವ ನಮ್ಮವಳು ಅಂತ ನನ್ನ ಮೇಲೆ ಜಗಳಕ್ಕೆ ಬರುತ್ತಾರೆ.

ಆಕೆಗಿಂತ ಮೊದಲು ಹುಟ್ಟಿದ ಕೂಸುಗಳು ಒಂದೂ ಉಳಿದಿರಲಿಲ್ಲವಂತೆ. ಹಾಗಾಗಿ ಈಕೆ ಹುಟ್ಟಿದಾಗ ಅವ್ವ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿದಳು. ನೆರೆಮನೆಯವಳು ಎತ್ತಿಕೊಂಡಳು. ಅವ್ವ ಒಂದು ಮೊರ ಜೋಳ ಅಳೆದುಕೊಟ್ಟು ತನ್ನ ಕೂಸನ್ನೇ ಕೊಂಡುಕೊಂಡಳು. ಕಸಕ್ಕೆ ಹೋದದ್ದು ನನಗ್ಯಾಕೆ ಅಂತ ಸಾವು ಮುಂದಕ್ಕೆ ಹೋಯಿತು, ಕೂಸು ಉಳಿಯಿತು. ನಮ್ಮ ಕಡೆ ಅಂಥ ತಿಪ್ಪಣ್ಣ, ತಿಪ್ಪಮ್ಮಂದಿರು ಓಣಿಗೆ ನಾಲ್ಕು ಜನ ಸಿಗುತ್ತಾರೆ. ಆ ಊರ ಗೌಡ ತಿಪ್ಪೇರುದ್ರಪ್ಪನೂ ಹಾಗೆ ಉಳಿದವನೇ.

ಅದು ಕುಂಬಾರರ ಊರು. ಮಡಿಕೆ ಮಾಡುವ ಊರಲ್ಲಿ ಮಡಿಕೆ ಒಡೆಯುವುದೂ ಜಾಸ್ತಿ. ಓಣಿಯಲ್ಲಿ ಚೂರು, ದನದ ಕಾಲಿಗೆ ಚೂರು, ಮಕ್ಕಳ ಕಾಲಿಗೆ ಚೂರು. ತಿಪ್ಪವ್ವ ಅವನ್ನೆಲ್ಲ ಆಯ್ದು, ಒನಕೆಯಲ್ಲಿ ಕುಟ್ಟಿ, ಜರಡಿ ಹಿಡಿದು, ಸುಣ್ಣದ ಜೊತೆ ಕಲಸಿ ಗಾರೆ ಮಾಡಿದಳು. ತನ್ನ ಎಮ್ಮೆಯ ನೀರಿನ ತೊಟ್ಟಿಗೆ ಮೆತ್ತಿ ನೋಡಿದಳು. ತೊಟ್ಟಿ ಹನಿ ನೀರು ಬಿಡಲಿಲ್ಲ. ಚೂರನ್ನು ಬೆರಳಲ್ಲಿ ತಟ್ಟಿದರೆ ಸಾಕು, ಅದು ಯಾವ ಮನೆಯದು, ಸೊಸೆ ಒಡೆದದ್ದೋ ಅತ್ತೆ ಒಡೆದದ್ದೋ, ಕೈಜಾರಿ ಬಿತ್ತೋ ಸಿಟ್ಟಿಗೆ ಬಿತ್ತೋ, ಎಲ್ಲ ಹೇಳುತ್ತಿದ್ದಳಂತೆ. ಅತ್ತೆಯರಿಗೆಲ್ಲ ಆಕೆಯನ್ನು ಕಂಡರೆ ಭಯವಿತ್ತಂತೆ.

ಗೌಡನಿಗೆ ಖುಷಿಯಾಯಿತು. ಆ ಊರಲ್ಲೊಂದು ಊರ ಕಣಜವಿತ್ತು. ಸುಗ್ಗಿಗೆ ಮನೆಮನೆಯವರೂ ಜೋಳ ತಂದು ಸುರಿಯುತ್ತಿದ್ದರು, ಊರ ಕೆಲಸಕ್ಕೆಲ್ಲ ಅದೇ ಆಧಾರ. ಅದರಿಂದ ತಿಪ್ಪವ್ವನಿಗೂ ಆಕೆಯ ಜೊತೆ ಕುಟ್ಟುವ ಹೆಂಗಸರಿಗೂ ಗೌಡ ಜೋಳ ಕೊಡಿಸಿದ. ಗೇಣು ಭೂಮಿ ಇಲ್ಲದ ಹೆಂಗಸರು ಅವರು. ಕುಟ್ಟಿದರು, ಕುಟ್ಟಿದರು. ಓಣಿ ಚೊಕ್ಕಟವಾಯಿತು, ಊರ ಹೊರಗೆ ಕೆಂಪು ಪುಡಿಯ ಗುಡ್ಡ ಎದ್ದಿತು.

ಕೊಳ್ಳುವವರು ಮಾತ್ರ ಒಬ್ಬರೂ ಬರಲಿಲ್ಲ. ಒಡೆದ ಮಡಿಕೆ ಅಂದರೆ ಹೆಣದ ಮುಂದೆ ಒಡೆಯುವ ಮಡಿಕೆ, ಅದನ್ನು ಮನೆ ಗೋಡೆಗೆ ಯಾರು ಮೆತ್ತುತ್ತಾರೆ ಅಂದರು. ಊರಿನ ಕುಡಿಯುವ ನೀರಿನ ಹೊಂಡ ಸೋರುತ್ತಿತ್ತು. ಅದಕ್ಕೂ ಗೌಡ ಕಣಜದ ಜೋಳ ಕೊಟ್ಟು ದೂರದ ಪೇಟೆಯಿಂದ ಬಂಡಿಗಟ್ಟಲೆ ಗಾರೆ ತರಿಸುತ್ತಿದ್ದ. ಅದು ವರ್ಷ ವರ್ಷವೂ ಬಿರಿಯುತ್ತಿತ್ತು, ಬೇಸಿಗೆಗೆ ಹೊಂಡ ಒಣಗುತ್ತಿತ್ತು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪಕ್ಕೆ ಅಲೆದರಂತೆ, ಹಾಗಾಯಿತು.

ಸುಮ್ಮನೆ ಕೊಟ್ಟ ಜೋಳ ಎಷ್ಟು ದಿನ ಬಂದೀತು? ಕುಟ್ಟುವ ಹೆಂಗಸರು ಗುಳೆ ಹೋಗಲು ಗಂಟು ಕಟ್ಟಿದರು. ತಿಪ್ಪವ್ವ ನೆಟ್ಟಗೆ ಚಾವಡಿಗೆ ಹೋದಳು. ಗೌಡ ಪಾಪ, ಒಳ್ಳೆಯವನೇ. ಇನ್ನೊಂದು ಚೀಲ ಜೋಳ ತರಿಸಿ ಆಕೆಯ ಮುಂದಿಟ್ಟ. ತಿಪ್ಪವ್ವ ಚೀಲವನ್ನು ಹಿಂದಕ್ಕೆ ತಳ್ಳಿದಳು. ತಳ್ಳಿದ ರಭಸಕ್ಕೆ ಚಾವಡಿಯ ಕಂಬ ವಾಲಿತು ಅಂತಾರೆ. ವಾಲಿದ ಕಂಬವನ್ನು ನಾನೂ ನೋಡಿದ್ದೇನೆ.

"ಕೊಡಬ್ಯಾಡ್ರಿ ಗೌಡ್ರೆ, ಕೊಂಡ್ಕೊಳ್ರಿ," ಅಂದಳು. "ಕೊಟ್ರೆ ತಿಂದು ಖಾಲಿ ಮಾಡ್ತೀವಿ. ಊರೇ ಮೊದ್ಲು ಕೊಂಡ್ರೆ ಮನಿಮನಿಯೋರೂ ಕೊಳ್ತಾರೆ. ಈ ಸಲ ಹೊಂಡಕ್ಕೆ ನಮ್ ಪುಡಿ ಹಾಕ್ರಿ."

ಚಾವಡಿಯಲ್ಲಿ ಕೂತವರು ಹೌಹಾರಿದರು. ತಿಪ್ಪೆಗೆ ಹೋದದ್ದು ತಿರುಗಿ ಬರಬಾರದು, ಅದರಲ್ಲೂ ಕುಡಿಯುವ ನೀರಿಗಾ ಅಂದರು.

ತಿಪ್ಪವ್ವ ಸೊಂಟದ ಮೇಲೆ ಕೈ ಇಟ್ಟಳು. "ಹಂಗಾರೆ ಮೊದ್ಲು ಗೌಡ್ರೇ ಎದ್ದೋಗ್ಲಿ. ಅವ್ರೂ ತಿಪ್ಪೆಗೋಗಿ ಬಂದೋರೇ, ನಾನೂ ಅಷ್ಟೆ. ನಮ್ಮವ್ವ ನನ್ನ ಸುಮ್ಕೆ ಎತ್ಕಂಡಿದ್ರೆ ನಾನು ತಿಪ್ಪೆ ಕೂಸೇ ಆಗಿರ್ತಿದ್ದೆ. ಜ್ವಾಳ ಅಳ್ದು ಕೊಂಡ್ಲು, ಅದ್ಕೇ ಮಗಳಾದೆ."

ಮೊದಲು ನಕ್ಕವನು ಗೌಡನೇ. ಹೊಂಡ ಸೋರಿದರೆ ತಿಪ್ಪವ್ವ ಊರು ಬಿಡಬೇಕು, ನೀರು ನಿಂತರೆ ಇನ್ನು ಊರ ಕೆಲಸಕ್ಕೆಲ್ಲ ಮೊದಲ ಬುಟ್ಟಿ ಆಕೆಯದೇ ಅಂತ ಮಾತಾಯಿತು. ಗೌಡ ಒಂದು ಮೊರ ಜೋಳ ಅಳೆದು, ಎಲ್ಲರೆದುರು ಒಂದು ಬುಟ್ಟಿ ಪುಡಿ ಕೊಂಡ.

ಹೆಂಗಸರು ಗಂಟು ಬಿಚ್ಚಿ ಹೊಂಡಕ್ಕಿಳಿದರು. ಬೆಲ್ಲದ ನೀರು ಹಾಕಿ ಕಲಸಿದರು, ಮೆತ್ತಿದರು, ಹಲಗೆಯಲ್ಲಿ ಬಡಿದರು. ಗಾರೆ ಬಿಗಿದುಕೊಳ್ಳುವ ತನಕ ಮಳೆ ಗುಡ್ಡದ ಆಚೆ ಕಾದು ನಿಂತಿತ್ತು ಅಂತಾರೆ. ಆಮೇಲೆ ಸುರಿಯಿತು, ಹೊಂಡ ತುಂಬಿತು. ಬೇಸಿಗೆ ಬಂದರೂ ನೀರು ಹಾಗೇ ಇತ್ತು.

ಆದರೂ ಜನ ಕುಡಿಯಲಿಲ್ಲ! ತುಂಬಿದ ಹೊಂಡದ ಪಕ್ಕದಲ್ಲೇ ಖಾಲಿ ಕೊಡ ಹೊತ್ತು ಆಚೆ ಊರಿಗೆ ನೀರಿಗೆ ನಡೆದರು. ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತೆ. ಕೊಂಡದ್ದನ್ನು ಬಳಸದಿದ್ದರೆ ಕೊಂಡು ಏನು ಬಂತು? ಎಂಥದ್ದಕ್ಕೂ ಜಗ್ಗದ ತಿಪ್ಪವ್ವ ಮೆಟ್ಟಿಲ ಮೇಲೆ ಕೂತು ಅತ್ತಳಂತೆ. ಅದು ಗೌಡನ ಕಿವಿಗೆ ಬಿತ್ತು. ಉರಿಬಿಸಿಲಲ್ಲಿ ಬಂದ, ರುಮಾಲು ಬಿಚ್ಚಿಟ್ಟ, ಮೆಟ್ಟಿಲಿಳಿದು ಬೊಗಸೆ ತುಂಬ ಕುಡಿದು ತೇಗಿದ. ಆ ತೇಗು ಆಚೆ ಊರಿಗೆ ಕೇಳಿತು ಅಂತಾರೆ. ನೀರಿಗೆ ಹೋಗಿದ್ದವರು ಅಲ್ಲಿಂದಲೇ ಖಾಲಿ ಕೊಡ ತಿರುಗಿಸಿಕೊಂಡು ಬಂದರು ಅಂತಾರೆ.

ಆಮೇಲೆ ಕೇಳಬೇಕೆ? ಗೋಡೆಗೆ ಬೇಕು, ಮಾಳಿಗೆಗೆ ಬೇಕು, ಕಟ್ಟೆಗೆ ಬೇಕು. ಕೆಂಪು ಗುಡ್ಡ ಕರಗಿಹೋಯಿತು. ಸುತ್ತಲ ಊರಿನ ಬಂಡಿಗಳು ಚೂರು ಹೇರಿಕೊಂಡು ಬಂದು ಪುಡಿ ಹೇರಿಕೊಂಡು ಹೋದವು. ಗುಳೆಯ ಮಾತು ಆ ಹೆಂಗಸರ ಬಾಯಲ್ಲಿ ಮತ್ತೆ ಬರಲಿಲ್ಲ.

ತಿಪ್ಪವ್ವ ಹೋಗಿ ಎಷ್ಟೋ ತಲೆಮಾರಾಯಿತು. ಇವತ್ತಿಗೂ ಆ ಊರಲ್ಲಿ ಶಾಲೆ ಕಟ್ಟಲಿ, ಚರಂಡಿ ಕಟ್ಟಲಿ, ಸಿಮೆಂಟೇ ತರಲಿ, ಮೊದಲು ಊರ ಹಿರಿಯರು ಒಂದು ಮೊರ ಜೋಳ ಅಳೆದು ಒಂದು ಬುಟ್ಟಿ ಕೆಂಪು ಪುಡಿ ಕೊಂಡು ಪಾಯಕ್ಕೆ ಹಾಕುತ್ತಾರೆ. ಪುಕ್ಕಟೆ ಕೊಟ್ಟರೆ ಮುಟ್ಟುವುದಿಲ್ಲ. ಇನ್ನು ಹೊಸ ಸೊಸೆ ಕೈಜಾರಿ ಮಡಿಕೆ ಒಡೆದು ಹೆದರಿ ನಿಂತರೆ ಅತ್ತೆ ಬೈಯುವುದಿಲ್ಲ. ಚೂರುಗಳನ್ನು ಆಯ್ದು ಬಾಗಿಲ ಬಳಿಯ ಬುಟ್ಟಿಗೆ ಹಾಕಿ, "ಅಳಬ್ಯಾಡವ್ವ, ತಿಪ್ಪವ್ವ ಕೊಂಡ್ಕಂತಾಳೆ," ಅನ್ನುತ್ತಾಳೆ.