ಮೂರನೆಯ ಬೋರ್ಡು

ತಿಪಟೂರಿನಲ್ಲಿ ಗುರುಶಾಂತ ಎಂಬ ನಿವೃತ್ತ ಟೆಲಿಫೋನ್ ಮೆಕ್ಯಾನಿಕ್ ಇದ್ದರು. ಒಂಟಿ ಜೀವ. ಊರಿನವರ ಮಾತನ್ನೆಲ್ಲ ತಂತಿಯಲ್ಲಿ ಕೂಡಿಸಿದವರಿಗೆ ಮನೆಯಲ್ಲಿ ಮಾತಾಡಲು ಒಬ್ಬರೂ ಇರಲಿಲ್ಲ. ಹೊತ್ತು ಹೋಗಲೆಂದು ಒಂದು ಮೈಕ್ರೋಕಂಟ್ರೋಲರ್ ಬೋರ್ಡು ತರಿಸಿದರು. ಬೆಂಕಿಪೊಟ್ಟಣದಷ್ಟು ಗಾತ್ರ. ಕಂಪ್ಯೂಟರಿನಲ್ಲಿ ಆದೇಶ ಬರೆದು ಅದಕ್ಕೆ ಕಳಿಸಿದರೆ ದೀಪ, ಮೋಟಾರು, ಏನು ಬೇಕಾದರೂ ನಡೆಸುತ್ತದೆ. ಹೊಸ ಬೋರ್ಡು ಬಂದಾಗ ಮೊದಲು ಅದರ ಮೇಲಿನ ಪುಟ್ಟ ದೀಪವನ್ನು ಮಿನುಗಿಸಿ ನೋಡುವುದು ಈ ಹವ್ಯಾಸದವರ ಶಾಸ್ತ್ರ.

ಗುರುಶಾಂತರು ಹಳೆಯ ಫೋನ್ ಚಾರ್ಜರಿನ ವೈರಿನಿಂದ ಬೋರ್ಡನ್ನು ಕಂಪ್ಯೂಟರಿಗೆ ಜೋಡಿಸಿದರು. ಬೋರ್ಡಿಗೆ ಕರೆಂಟೇನೋ ಬಂತು. ಆದರೆ ಕಂಪ್ಯೂಟರು ಅದನ್ನು ಗುರುತಿಸಲೇ ಇಲ್ಲ. ಬೋರ್ಡೇ ಕೆಟ್ಟಿದೆ ಎಂದು ಕಸದ ಗಾಡಿಗೆ ಹಾಕಿದರು. ಇನ್ನೊಂದು ತರಿಸಿದರು. ಅದೂ ಹಾಗೇ ಆಯಿತು, ಅದೂ ಗಾಡಿ ಸೇರಿತು. ಎದುರಿಗೇ ಹಸೀನಾ ಎಂಬಾಕೆಯ ಮೊಬೈಲ್ ರಿಪೇರಿ ಅಂಗಡಿ. ಹೋಗಿ ಕೇಳಬಹುದಿತ್ತು. ಆದರೆ ಮೂವತ್ತು ವರ್ಷ ಫೋನು ರಿಪೇರಿ ಮಾಡಿದವರು ಇನ್ನೊಬ್ಬರನ್ನು ಕೇಳುವುದುಂಟೇ? ಬಿಗುಮಾನ ನೋಡಿ!

ಮೂರನೆಯದೂ ಹಾಗೇ ಆದಾಗ ಅವರಿಗೆ ಅಳುವೇ ಬಂತು. ಇದನ್ನೂ ಕೈಬಿಟ್ಟರೆ ನಾಳೆ ಬೆಳಿಗ್ಗೆ ಏಳುವುದಾದರೂ ಯಾಕೆ ಎನಿಸಿತು. ಬೋರ್ಡು, ವೈರು ಹಿಡಿದು ರಸ್ತೆ ದಾಟಿದರು.

ಹಸೀನಾ ಬೇರೆ ವೈರಿನಿಂದ ಬೋರ್ಡನ್ನು ಅಂಗಡಿಯ ಕಂಪ್ಯೂಟರಿಗೆ ಚುಚ್ಚಿ ನೋಡಿ ನಕ್ಕಳು.

“ಬೋರ್ಡ್ ಚೆನ್ನಾಗೇ ಇದೆ ಸಾರ್. ನಿಮ್ಮ ವೈರಲ್ಲಿ ಬರೀ ಚಾರ್ಜ್ ಆಗುತ್ತೆ, ಡೇಟಾ ಹೋಗಲ್ಲ. ಇದನ್ನ ತಗೊಂಡ್ಹೋಗಿ. ಅಲ್ಲ ಸಾರ್, ಆರು ವರ್ಷದಿಂದ ಎದುರಿಗೇ ಇದೀರಿ, ಇವತ್ತೇ ನೋಡಿ ನಿಮ್ಮ ದನಿ ಕೇಳಿದ್ದು.”

ಕಸಕ್ಕೆ ಹೋದ ಎರಡು ಬೋರ್ಡುಗಳನ್ನು ನೆನೆದು ಗುರುಶಾಂತರು ಹಣೆ ಚಚ್ಚಿಕೊಂಡರು. ಮನೆಗೆ ಬಂದು ಹೊಸ ವೈರು ಚುಚ್ಚಿದರು. ಆದೇಶ ಕಳಿಸಿದರು. ದೀಪ ಮಿನುಗಿತು! “ನೋಡಿಲ್ಲಿ!” ಎಂದು ಹಿಗ್ಗಿ ಹಿಂದೆ ತಿರುಗಿದರು. ಕೋಣೆಯಲ್ಲಿ ನೋಡುವವರು ಯಾರೂ ಇರಲಿಲ್ಲ.

ಮತ್ತೆ ರಸ್ತೆ ದಾಟಿದರು. ಹಸೀನಾ ಶಟರ್ ಎಳೆದು ಊಟಕ್ಕೆ ಹೋಗಿದ್ದಳು. ಅಂಗಡಿಯ ಮೆಟ್ಟಿಲ ಮೇಲೆ ಬಿಸಿಲಲ್ಲೇ ಕೂತು ಕಾದರು. ಒಂದು ಗಂಟೆಯಾದ ಮೇಲೆ ಆಕೆ ಬಂದಳು.

“ಯಾಕ್ ಸಾರ್, ಆ ವೈರೂ ಸರಿ ಇಲ್ವಾ?”

“ಸರಿ ಇದೆಯಮ್ಮ. ದೀಪ ಹತ್ತಿತು. ಯಾರಿಗಾದ್ರೂ ಹೇಳಬೇಕು ಅನ್ನಿಸ್ತು, ಅದಕ್ಕೇ ಬಂದೆ.”

ನೀತಿ: ಗೊತ್ತಿಲ್ಲದ್ದನ್ನು ಕೇಳಿದರೆ ಮರ್ಯಾದೆ ಹೋಗುವುದಿಲ್ಲ. ಬಿಗುಮಾನದಿಂದ ಬಾಯಿ ಮುಚ್ಚಿ ಕೂತವರು ಒಳ್ಳೆಯ ವಸ್ತುವನ್ನೂ ಕಸಕ್ಕೆ ಹಾಕುತ್ತಾರೆ, ಎದುರಿಗಿರುವ ಸ್ನೇಹವನ್ನೂ ಕಳೆದುಕೊಳ್ಳುತ್ತಾರೆ.