ಒಂಟಿಕಣ್ಣಿನ ಯಂತ್ರ ಮತ್ತು ಪುಟ್ಟ ಕನ್ನಡಿ

ಇಂಟರ್‌ನೆಟ್ ಕೇಂದ್ರವೊಂದರಲ್ಲಿ ಗಾಜಿನ ಎಳೆಗಳಲ್ಲಿ ಹರಿಯುವ ಬೆಳಕನ್ನು ಕಾಯುವ ಒಂಟಿಕಣ್ಣಿನ ಯಂತ್ರವಿತ್ತು. ಊರಿಗೆಲ್ಲ ಸಿನಿಮಾ, ಕ್ರಿಕೆಟ್ ಹೊತ್ತು ತರುವ ದೊಡ್ಡೆಳೆ ಹಗಲೆಲ್ಲ "ನನ್ನನ್ನೇ ನೋಡು!" ಎಂದು ಕೂಗುತ್ತಿತ್ತು, ಯಂತ್ರವೂ ಅದನ್ನೇ ನೋಡುತ್ತಿತ್ತು.

"ಉಳಿದ ಎಳೆಗಳ ಗತಿ?" ಎಂದು ಹೊಸದಾಗಿ ಬಂದ ಪುಟ್ಟ ಕನ್ನಡಿ ಕೇಳಿತು.

"ಇರುವುದೊಂದೇ ಕಣ್ಣು ತಂಗೀ. ಎಳೆಗೊಂದು ಯಂತ್ರ ಎಲ್ಲಿಂದ ತರೋಣ?"

"ನೀವು ಕೂತಲ್ಲೇ ನನ್ನನ್ನು ನೋಡುತ್ತಿರಿ ಅಣ್ಣಾ, ತಿರುಗುವ ಕೆಲಸ ನನ್ನದು," ಎಂದ ಕನ್ನಡಿ ತುಸು ತುಸುವೇ ವಾಲುತ್ತ, ಒಂದೊಂದೇ ಎಳೆಯ ಬೆಳಕನ್ನು ಯಂತ್ರದ ಕಣ್ಣಿಗೆ ಹಾಯಿಸಿತು. ಆಸ್ಪತ್ರೆಗೆ ಹೋಗುವ ಎಳೆಯ ಸರದಿ ಬಂದಾಗ ಬೆಳಕು ಮಂಕಾಗಿತ್ತು. ಬಿಗಿಯಾದ ಕ್ಲಿಪ್ಪೊಂದು ಅದರ ಕತ್ತು ಹಿಸುಕುತ್ತಿತ್ತು.

"ಅಯ್ಯೋ, ನೀನೂ ಕೂಗಬಾರದಿತ್ತೇ?" ಎಂದಿತು ಯಂತ್ರ.

"ನಮ್ಮ ದನಿಯೇ ಬೆಳಕಲ್ಲವೇ ಅಣ್ಣಾ? ಅದೇ ಕುಗ್ಗಿದ ಮೇಲೆ ಕೂಗುವುದು ಹೇಗೆ?" ಎಂದಿತು ಆ ಎಳೆ.

ಯಂತ್ರ ಗಂಟೆ ಬಾರಿಸಿತು. ಇಂಜಿನಿಯರ್ ಫಿಲೋಮಿನಾ ಓಡಿಬಂದು ಕ್ಲಿಪ್ ಸಡಿಲಿಸಿದ್ದೇ ತಡ, ಎಳೆಯ ತುಂಬ ಬೆಳಕು ಹರಿಯಿತು. ಎಳೆಗಳೆಲ್ಲ ಮಿಣಮಿಣನೆ ನಕ್ಕವು.

"ಸಾಕು, ಇನ್ನು ನನ್ನನ್ನು ನೋಡು!" ಎಂದು ದೊಡ್ಡೆಳೆ ಅರಚಿತು.

"ಇಷ್ಟು ಜೋರಾಗಿ ಕೂಗುತ್ತೀಯೆಂದರೆ ನೀನು ಗಟ್ಟಿಮುಟ್ಟಾಗಿದ್ದೀಯ," ಎಂದು ಯಂತ್ರ ನಕ್ಕಿತು. "ಕನ್ನಡಿ ತಂಗೀ, ಸದ್ದಿಲ್ಲದವರ ಕಡೆ ತಿರುಗು."