ಕಂಬಳಿಯ ಮೇಲೆ ಹಾಸಿದ ರಟ್ಟು

"ಸರ್, ಸ್ಕ್ಯಾನ್ ಚಿತ್ರದಲ್ಲಿ ಮೆದುಳಿನ ಬೂದು ಭಾಗವನ್ನಷ್ಟೇ ಬಿಟ್ಟು ಉಳಿದದ್ದನ್ನು ಮುಚ್ಚುವ ಮಾಸ್ಕ್ ಹಾಕಿಯೇ ಲೆಕ್ಕ ಮಾಡಿದ್ದೇನೆ. ಮರೆವಿನ ಕಾಯಿಲೆಯವರ ಮೆದುಳಿಗೂ ಆರೋಗ್ಯವಂತರ ಮೆದುಳಿಗೂ ಏನೂ ವ್ಯತ್ಯಾಸ ಕಾಣುತ್ತಿಲ್ಲ. ವರದಿ ಕಳಿಸಿಬಿಡಲೇ?" ಎಂದು ಶಿಷ್ಯೆ ಕೇಳಿದಳು.

"ಮಾಸ್ಕನ್ನು ಹೇಗೆ ಮಾಡಿಕೊಂಡೆ?" ಎಂದರು ಗುರು.

"ಮೂಳೆ, ನೀರು ಲೆಕ್ಕಕ್ಕೆ ಬರಬಾರದಲ್ಲ ಸರ್. ಇಪ್ಪತ್ತು ರೋಗಿಗಳು, ಇಪ್ಪತ್ತು ಆರೋಗ್ಯವಂತರು, ಈ ನಲವತ್ತು ಮಂದಿಯ ಸ್ಕ್ಯಾನಿನಲ್ಲೂ ಬೂದು ಭಾಗ ದಟ್ಟವಾಗಿರುವ ಜಾಗವನ್ನಷ್ಟೇ ಉಳಿಸಿಕೊಂಡೆ. ಒಬ್ಬರಲ್ಲಿ ತೆಳುವಾಗಿದ್ದರೂ ಆ ಜಾಗವನ್ನು ಎಲ್ಲರಲ್ಲೂ ಮುಚ್ಚಿಬಿಟ್ಟೆ."

ಆರು ತಿಂಗಳು ಬೆವರು ಸುರಿಸಿದ್ದಳು. ಇನ್ನು ಒಂದು ದಿನವೂ ತಡಮಾಡುವುದಿಲ್ಲ ಎಂದು ಹಟ ಹಿಡಿದಿದ್ದಳು. ಆ ವರದಿ ಹೋದರೆ ಆಸ್ಪತ್ರೆಯವರು ಆ ಇಪ್ಪತ್ತು ರೋಗಿಗಳಿಗೆ ಇದು ಬರೀ ವಯಸ್ಸಿನ ಮರೆವೆಂದು ಹೇಳಿ, ಚಿಕಿತ್ಸೆ ನಿಲ್ಲಿಸಿ ಮನೆಗೆ ಕಳಿಸುವವರಿದ್ದರು. ಅದು ಗೊತ್ತಿದ್ದದ್ದರಿಂದಲೇ ಅವಳಿಗೆ ಒಳಗೊಳಗೆ ಕಸಿವಿಸಿ. ಅದಕ್ಕೇ ಕೇಳಲು ಬಂದಿದ್ದಳು.

ಗುರು ಒಂದು ಕತೆ ಹೇಳಿದರು.

ಕಂಬಳಿ ಮಾರುವ ಒಬ್ಬ ವ್ಯಾಪಾರಿಯಿದ್ದ. ಒಂದು ವರ್ಷ ಅವನ ಕಂಬಳಿಗಳಿಗೆ ನುಸಿ ಹಿಡಿದಿದೆಯೆಂದು ಸುದ್ದಿಯಾಯಿತು. ಅವನು ಮೋಸಗಾರನಲ್ಲ. ಚೊಕ್ಕ ಮನುಷ್ಯ, ಸ್ವಲ್ಪ ಅತಿಯಾಗಿಯೇ ಚೊಕ್ಕ. ಪರೀಕ್ಷಿಸದೆ ಒಂದನ್ನೂ ಮಾರುವುದಿಲ್ಲವೆಂದು ಪಣ ತೊಟ್ಟ. ಕಂಬಳಿಗಳನ್ನು ಒಂದೊಂದಾಗಿ ಬಿಸಿಲಿಗೆ ಎತ್ತಿ ಹಿಡಿದ. ಎಲ್ಲದರಲ್ಲೂ ಉಣ್ಣೆ ದಪ್ಪವಾಗಿರುವ ಕಡೆ ಗುರುತಿಟ್ಟುಕೊಂಡು, ಕಂಬಳಿಯಷ್ಟೇ ದೊಡ್ಡ ರಟ್ಟಿನಲ್ಲಿ ಅಲ್ಲಲ್ಲಿ ಕಿಟಕಿ ಕೊರೆದ. ಒಂದೇ ಒಂದು ಕಂಬಳಿಯಲ್ಲಿ ಬೆಳಕು ತೂರಿ ಬಂದರೂ ಆ ಜಾಗ ಬಿಟ್ಟ. ನೇಯುವವರೇ ಅಲ್ಲಿ ಉಣ್ಣೆ ಕಡಿಮೆ ಹಾಕಿರಬೇಕು, ಉಣ್ಣೆಯೇ ಇಲ್ಲದ ಕಡೆ ನೋಡುವುದೇನು ಎಂದುಕೊಂಡ. ಆಮೇಲೆ ಆ ರಟ್ಟನ್ನು ಪ್ರತಿ ಕಂಬಳಿಯ ಮೇಲೂ ಹಾಸಿ, ಕಿಟಕಿಗಳಲ್ಲಿ ಕಣ್ಣಿಟ್ಟು ನೋಡಿದ. ನುಸಿಯ ಸುಳಿವೇ ಇಲ್ಲ. ನೆಮ್ಮದಿಯಿಂದ ಮಾರಿದ.

ಚಳಿಗಾಲ ಕಳೆದ ಮೇಲೆ ಒಬ್ಬ ಕುರಿಗಾಹಿ ಮೂರು ದಿನ ನಡೆದು ಬಂದು ಒಂದು ಕಂಬಳಿಯನ್ನು ಅವನ ಮುಂದಿಟ್ಟ.

"ನಮ್ಮವ್ವ ಇದನ್ನೇ ಹೊದ್ದು ಬಯಲಲ್ಲಿ ಮಲಗಿದ್ದಳು ಸ್ವಾಮಿ. ಬೆಳಿಗ್ಗೆ ಏಳಲಿಲ್ಲ."

"ಒಂದೊಂದನ್ನೂ ನೋಡಿಯೇ ಕೊಟ್ಟಿದ್ದೇನಪ್ಪ" ಎಂದ ವ್ಯಾಪಾರಿ. ಪಾಪ, ಅವನು ಹೇಳಿದ್ದು ಸುಳ್ಳಲ್ಲ. ರಟ್ಟು ತಂದು ಕಂಬಳಿಯ ಮೇಲೆ ಹಾಸಿ ತೋರಿಸಿದ. ಕಿಟಕಿ ಕಿಟಕಿಯಲ್ಲೂ ಒಳ್ಳೆಯ ಉಣ್ಣೆ.

ಕುರಿಗಾಹಿ ರಟ್ಟನ್ನು ಪಕ್ಕಕ್ಕೆ ಎಳೆದ. ಅದು ಮುಚ್ಚಿದ್ದ ಕಡೆಯೆಲ್ಲ ನುಸಿ ತಿಂದ ತೂತು.

ಗುರು ಕತೆ ನಿಲ್ಲಿಸಿದರು. ಶಿಷ್ಯೆ ಇನ್ನೂ ಪಟ್ಟು ಬಿಡಲಿಲ್ಲ.

"ಹಾಗಾದರೆ ಮಾಸ್ಕೇ ಬೇಡವೇ ಸರ್?"

"ಬೇಕಮ್ಮ; ಆದರೆ ನೀನು ಮುಚ್ಚಿದ ಜಾಗಗಳು ಯಾರ ಮೆದುಳಿನಲ್ಲಿ ತೆಳುವಾಗಿದ್ದವು?"

ಅವಳು ಕಂಪ್ಯೂಟರಿನ ಮುಂದೆ ಕೂತು ಸ್ಕ್ಯಾನುಗಳನ್ನು ಮತ್ತೆ ತೆರೆದಳು. ಮುಚ್ಚಿದ್ದ ಜಾಗಗಳು ತೆಳುವಾಗಿದ್ದದ್ದು ರೋಗಿಗಳ ಮೆದುಳಿನಲ್ಲೇ. ಹಳೆಯ ಮಾಸ್ಕನ್ನು ಅಳಿಸಿದಳು.